ನಾನು ಕನಸು ಅಂದದ್ದು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕಾ,

ನಿನ್ನ ವಟಾಣಿಯ ನಮಸ್ಕಾರ. ನಾಲ್ಕು ಬೀದಿ ಆಚೆ ಇರುವ ಅಕ್ಕನಿಗೆ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯಾ ಅಂತ ನಗಬೇಡ. ಹಾಸ್ಟೆಲಿನಲ್ಲಿದ್ದಾಗ ಬರೆದದ್ದೇ ಕೊನೆ. ಆಗ ನೀನು ನನ್ನ ಕಾಗದಗಳನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದೆ. "ಮೇಲಿನ ಪ್ಯಾರಾಕ್ಕೂ ಇದಕ್ಕೂ ಏನು ಸಂಬಂಧ?" ಅಂತ ಅಂಚಿನಲ್ಲಿ ಬರೆದಿರುತ್ತಿದ್ದೆ. ಇದನ್ನೂ ತಿದ್ದು, ಬೇಡ ಅನ್ನುವುದಿಲ್ಲ.

ತಡವಾಯಿತು, ಕ್ಷಮಿಸು. ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ, ಮಗಳಿಗೆ ಪರೀಕ್ಷೆ ಅಂತೆಲ್ಲ ನೆಪ ಹೇಳಬಹುದು. ಎರಡೂ ಸುಳ್ಳಲ್ಲ, ಆದರೆ ಕಾರಣ ಅವಲ್ಲ. ನಿನ್ನ ಆಪರೇಷನ್ ಆದಮೇಲೆ ನಾನು ನಿಮ್ಮನೆಗೆ ಬಂದದ್ದು ಒಂದೇ ಸಲ. ಫೋನಿನಲ್ಲಿ ಹೊಲಿಗೆ ಒಣಗಿತಾ, ಊಟ ಸೇರುತ್ತಾ ಅಂತ ಕೇಳಿ, ನೀನು "ಹೂಂ" ಅನ್ನುವಷ್ಟರಲ್ಲಿ ಇಟ್ಟುಬಿಡುತ್ತಿದ್ದೆ. ಯಾರಾದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಪಾಡು ನನ್ನದಾಗಿತ್ತು. ಮಗಳು ಮೊನ್ನೆ ಕೂಡ ಕೇಳಿದಳು, "ದೊಡ್ಡಮ್ಮ ಯಾಕೆ ಬರ್ತಿಲ್ಲ? ನೀವಿಬ್ರು ಜಗಳ ಆಡಿದ್ರಾ?" ಅಂತ. ಜಗಳ ಆಡಿದ್ದರೆ ಎಷ್ಟೋ ವಾಸಿ ಇತ್ತು.

ಶುಕ್ರವಾರ ಬಾವ ನಮ್ಮ ಆಸ್ಪತ್ರೆಗೇ ಬಂದಿದ್ದರು. ಕನ್ನಡಕದ ಅಂಗಡಿಯನ್ನು ನಡುಮಧ್ಯಾಹ್ನ ಮುಚ್ಚಿ ಬಂದಿದ್ದಾರೆ ಅಂದಾಗಲೇ ನಿನ್ನ ವಿಷಯವೇ ಅಂತ ನನಗೆ ಗೊತ್ತಾಯಿತು. ಕ್ಯಾಂಟೀನಿನಲ್ಲಿ ಕೂತು, ಟೀ ತಣ್ಣಗಾಗುವವರೆಗೂ ಲೋಟವನ್ನೇ ತಿರುಗಿಸುತ್ತಿದ್ದರು. ಆಮೇಲೆ ಹೇಳಿದರು: "ನಿಮ್ಮಕ್ಕ ಈಗ ಮಲಗೋದೇ ಇಲ್ಲ. ಕುರ್ಚಿಲೇ ಕೂತ್ಕೊಂಡು ನಿದ್ದೆ ಮಾಡ್ತಾಳೆ. ಅಂಗಾತ ಮಲಗಿದ್ರೆ ಉಸಿರು ಕಟ್ಟುತ್ತಂತೆ. ಹೊದಿಕೆ ಸರಿ ಮಾಡೋಕೆ ಹೋದ್ರೆ ಕೈ ತಳ್ತಾಳೆ. ಅದೂ ಹೋಗ್ಲಿ ಅಂದ್ರೆ, ಸುಮ್ನೆ ಕೂತಿರೋ ನನ್ನ ಕೇಳ್ತಾಳೆ, ನೀವೀಗ ಏನೋ ಅಂದ್ರಾ ಅಂತ. ನಾನು ಏನೂ ಅಂದಿರಲ್ಲ."

ಆಮೇಲೆ ಕೋರ್ಟಿನಲ್ಲಿ ನಿನ್ನ ಸ್ಟೆನೋ ಕೆಲಸದ ವಿಷಯ ತೆಗೆದರು. ಸಾಕ್ಷಿ ಹೇಳಿದ್ದನ್ನು ನೀನು ಬರೆದುಕೊಳ್ಳುವುದು ಬಿಟ್ಟು, "ನೀವು ಹೇಳಿದ್ದು ಇದೇ ತಾನೇ?" ಅಂತ ಮತ್ತೆ ಮತ್ತೆ ಕೇಳಿದೆಯಂತೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರಂತೆ. ಮನೆಗೆ ಬಂದವಳೇ ಕೆಲಸ ಬಿಡುತ್ತೇನೆ ಅಂತ ಅರ್ಜಿ ಬರೆದಿಟ್ಟಿದ್ದೀಯಂತೆ, ಸೋಮವಾರ ಕೊಡುವುದಕ್ಕೆ. ಯಾಕೆ ಅಂತ ಬಾವ ಕೇಳಿದ್ದಕ್ಕೆ ನೀನು ಅಂದೆಯಂತೆ, "ಆಡದೇ ಇರೋ ಮಾತು ಕೇಳಿಸೋ ಕಿವಿ ಇಟ್ಕೊಂಡು ನಾನು ಇನ್ನೊಬ್ರ ಸಾಕ್ಷಿ ಬರೀಬಾರದು" ಅಂತ. "ನೀನು ಡಾಕ್ಟರು, ನಿನ್ನ ಮಾತು ಕೇಳ್ತಾಳೆ, ಒಂದ್ಸಲ ಹೇಳಮ್ಮ" ಅಂತ ಬಾವ ಕೈ ಜೋಡಿಸಿದರು. ನನ್ನ ಮಾತು ಕೇಳಿದ್ದರಿಂದಲೇ ಹೀಗಾದದ್ದು ಅಂತ ಅವರಿಗೆ ಹೇಗೆ ಹೇಳಲಿ?

ಅಕ್ಕಾ, ಅದು ಕನಸಲ್ಲ. ಆಪರೇಷನ್ ನಡೆಯುವಾಗ ನೀನು ಎಚ್ಚರವಾಗಿದ್ದೆ. ನೀನು ಕೇಳಿಸಿಕೊಂಡದ್ದೆಲ್ಲ ನಿಜ. ಇದನ್ನು ಬಾಯಲ್ಲಿ ಹೇಳಿದರೆ ಅದನ್ನೂ ಎಲ್ಲಿ ಕನಸಿನ ಲೆಕ್ಕಕ್ಕೆ ಹಾಕಿಬಿಡುತ್ತೀಯೋ ಅಂತ ಬರೆದೇ ಕೊಡುತ್ತಿದ್ದೇನೆ. ಎದುರು ನಿಂತು ಹೇಳುವ ಧೈರ್ಯ ಇಲ್ಲ ಅನ್ನುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆದದ್ದನ್ನು ಮೊದಲಿಂದ ಹೇಳುತ್ತೇನೆ. ನಿನ್ನ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾದಾಗ, ರಕ್ತಸಂಬಂಧಿಗಳಿಗೆ ನಾವು ಅರಿವಳಿಕೆ ಕೊಡುವುದಿಲ್ಲ, ಬೇರೆ ಡಾಕ್ಟರು ಕೊಡುತ್ತಾರೆ ಅಂದೆ. ನೀನು ಕೇಳಲಿಲ್ಲ. "ನಿನ್ನನ್ನ ಮಲಗಿಸಿ ಎಬ್ಬಿಸಿದವಳು ನಾನು. ಈಗ ನನ್ನ ಮಲಗಿಸೋಕೆ ನಿನಗೇನು ಧಾಡಿ?" ಅಂದೆ. ಆ ಮಾತಿಗೆ ನಾನು ಉಬ್ಬಿಹೋದೆ. ನಮ್ಮ ವಿಭಾಗದ ದೊಡ್ಡ ಡಾಕ್ಟರಮ್ಮನ ಹತ್ತಿರ ಹಟ ಮಾಡಿ ಒಪ್ಪಿಸಿದೆ. ನಿನ್ನ ಮುಂದೆ ಒಂದು ಸಲವಾದರೂ ದೊಡ್ಡವಳಾಗಬೇಕು ಅನ್ನುವ ಆಸೆ ಇತ್ತೇನೋ.

ನಾವು ಕೊಡುವುದು ಒಂದು ಮದ್ದಲ್ಲ ಅಕ್ಕಾ. ನಿದ್ದೆಗೆ ಒಂದು, ನೋವಿಗೆ ಒಂದು, ಸ್ನಾಯುಗಳನ್ನು ಸಡಿಲ ಮಾಡುವುದಕ್ಕೆ ಇನ್ನೊಂದು. ಈ ಮೂರನೆಯದು ಇಲ್ಲದಿದ್ದರೆ ಹೊಟ್ಟೆ ಬಿಗಿಯಾಗಿ ಸರ್ಜನ್ನಿಗೆ ಕೈಯಾಡಿಸಲು ಆಗುವುದಿಲ್ಲ. ಒಳ್ಳೆಯ ಮದ್ದು, ದಿನಾ ಎಷ್ಟೋ ಜನರ ಜೀವ ಉಳಿಸುತ್ತದೆ. ಆದರೆ ಅದು ನಿದ್ದೆ ಬರಿಸುವುದಿಲ್ಲ, ನೋವು ಕಳೆಯುವುದಿಲ್ಲ. ಕೈ, ಕಾಲು, ರೆಪ್ಪೆ, ನಾಲಿಗೆ, ಉಸಿರು ಎಲ್ಲವನ್ನೂ ಸುಮ್ಮನಾಗಿಸುತ್ತದೆ, ಅಷ್ಟೇ. ಉಸಿರಾಟವನ್ನು ಯಂತ್ರ ನೋಡಿಕೊಳ್ಳುತ್ತದೆ. ಹೊರಗಿಂದ ಬೀಗ ಹಾಕಿದ ಮನೆಯ ಹಾಗೆ, ಒಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ಬೀದಿಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಅದಕ್ಕೇ ನಿದ್ದೆಯ ಮದ್ದು ಹೋಗುತ್ತಲೇ ಇದೆಯಾ ಅಂತ ಕಾಯುವುದು ನಮ್ಮ ಕೆಲಸ. ಬೇರೆ ಏನು ಮರೆತರೂ ಇದನ್ನು ಮರೆಯಬಾರದು ಅಂತ ನಾನೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ.

ನಿನ್ನ ನಿದ್ದೆಯ ಮದ್ದು ಎಡಗೈಗೆ ಪಂಪಿನಿಂದ ಹೋಗುತ್ತಿತ್ತು. ಮಿಕ್ಕದ್ದೆಲ್ಲ ಬಲಗೈಗೆ. ನೀನು ಚೆನ್ನಾಗಿಯೇ ನಿದ್ದೆ ಹೋದೆ. ಆಮೇಲೆ ಕೈಗಳನ್ನು ಮೈಯ ಪಕ್ಕಕ್ಕೆ ಇಟ್ಟು, ಬೆರಳು ಮಾತ್ರ ಹೊರಗೆ ಬಿಟ್ಟು ಬಟ್ಟೆಯಲ್ಲಿ ಸುತ್ತಿದರು. ಹಾಗೆ ಸುತ್ತುವಾಗ ಎಡಗೈಯ ನಳಿಕೆಯ ಜೋಡಣೆ ಸಡಿಲವಾಗಿದೆ. ಪಂಪ್ ತನ್ನ ಪಾಡಿಗೆ ಓಡುತ್ತಿತ್ತು, ಹಸಿರು ದೀಪ ತೋರಿಸುತ್ತಿತ್ತು, ಮದ್ದು ಮಾತ್ರ ನಿನ್ನ ಮೈಗೆ ಹೋಗದೆ ಹಾಸಿಗೆಗೆ ಹೋಗುತ್ತಿತ್ತು. ಕೈ ಸುತ್ತಿದ ಮೇಲೆ ಒಮ್ಮೆ ಬಟ್ಟೆ ಎತ್ತಿ ನೋಡಬೇಕು. ನಾನು ನೋಡಲಿಲ್ಲ. ನಿದ್ದೆ ಎಷ್ಟು ಆಳವಿದೆ ಅಂತ ಹಣೆಗೆ ಪಟ್ಟಿ ಅಂಟಿಸಿ ಹೇಳುವ ಯಂತ್ರ ನಮ್ಮಲ್ಲಿದೆ. ಅದು ಪಕ್ಕದ ಥಿಯೇಟರಿನಲ್ಲಿತ್ತು. ತರಲೇನು ಅಂತ ನರ್ಸಮ್ಮ ಕೇಳಿದಳು. "ನಮ್ಮಕ್ಕನ ನಿದ್ದೆ ನನಗೆ ಗೊತ್ತಿಲ್ವಾ, ಬಿಡಿ" ಅಂದೆ.

ನಿನ್ನ ನಾಡಿ ಏರಿತು. ಹೊಟ್ಟೆಗೆ ಗಾಳಿ ತುಂಬಿದಾಗ ಹೀಗೆ ಏರುವುದುಂಟು ಅಂದುಕೊಂಡು ನೋವಿನ ಮದ್ದು ಜಾಸ್ತಿ ಮಾಡಿದೆ. ಅದೊಂದೇ ನಾನು ಮಾಡಿದ ಒಳ್ಳೆಯ ಕೆಲಸ. ಕಣ್ಣಿಗೆ ಅಂಟಿಸಿದ ಟೇಪಿನ ಅಂಚಿನಿಂದ ನೀರು ಇಳಿಯಿತು. ಮುಲಾಮು ಕರಗಿದೆ ಅಂತ ಹತ್ತಿಯಲ್ಲಿ ಒರೆಸಿದೆ. ಆಗ ಸರ್ಜನ್, "ಬೆರಳು ಅಲ್ಲಾಡಿದ ಹಾಗಿತ್ತಲ್ರೀ, ಹೊಟ್ಟೆನೂ ಬಿಗಿ ಆಗ್ತಿದೆ" ಅಂದರು. ಮಣಿಕಟ್ಟಿಗೆ ಹಾಕಿದ ಪುಟ್ಟ ಯಂತ್ರದಿಂದ ಸಣ್ಣ ಕರೆಂಟಿನ ಚುರುಕು ಕೊಟ್ಟು ನೋಡಿದೆ, ನಿನ್ನ ಹೆಬ್ಬೆರಳು ಮಿಡಿಯಿತು. ಸಡಿಲಿಸುವ ಮದ್ದಿನ ಅವಧಿ ಮುಗಿಯಿತು ಅಂತ ಇನ್ನೊಂದಿಷ್ಟು ಹಾಕಿದೆ. ನೀನು ಇದ್ದಬದ್ದ ಶಕ್ತಿ ಎಲ್ಲ ಸೇರಿಸಿ ಒಂದು ಬೆರಳು ಎತ್ತಿ ನನ್ನನ್ನು ಕರೆದಿದ್ದೆ ಅಕ್ಕಾ. ನಾನು ಆ ಬೆರಳನ್ನೂ ಮಲಗಿಸಿದೆ.

ನೀನು ಎಷ್ಟು ಹೊತ್ತು ಹಾಗಿದ್ದೆ ಅಂತ ನನಗೆ ಖಚಿತವಾಗಿ ಗೊತ್ತಿಲ್ಲ. ಆಮೇಲೆ ಯಾಕೋ ನಿನ್ನ ಕೈ ತಣ್ಣಗಿದೆಯಾ ನೋಡೋಣ ಅಂತ ಬಟ್ಟೆಯೊಳಗೆ ಕೈ ಹಾಕಿದೆ. ಒದ್ದೆ. ಎಳೆದರೆ ಬೆರಳ ತುಂಬ ಬೆಳ್ಳಗೆ. ನಮ್ಮ ನಿದ್ದೆಯ ಮದ್ದು ಹಾಲಿನ ಹಾಗಿರುತ್ತದೆ. ನರ್ಸಮ್ಮ ನೋಡಿದಳು, "ಏನ್ ಮೇಡಂ ಅದು?" ಅಂದಳು. ನಾನು ಕಣ್ಣಲ್ಲೇ ಸುಮ್ಮನಿರು ಅಂದೆ. ಜೋಡಣೆ ಬಿಗಿ ಮಾಡಿ ನಿದ್ದೆಯ ಮದ್ದು ಕೊಟ್ಟೆ. ನೀನು ಮತ್ತೆ ನಿದ್ದೆ ಹೋದೆ. ಸರ್ಜನ್ ಏನನ್ನೂ ಗಮನಿಸಲಿಲ್ಲ. ಎಚ್ಚರವಾದ ಮೇಲೆ ನೀನು ಮಂಪರಿನಲ್ಲಿ ನನ್ನನ್ನು ನೋಡಿ ಏನೂ ಹೇಳದೆ ಕಣ್ಣು ಮುಚ್ಚಿದಾಗ, ಅಬ್ಬ, ಇವಳಿಗೆ ಏನೂ ನೆನಪಿಲ್ಲ ಅಂತ ನೆಮ್ಮದಿಯ ಉಸಿರು ಬಿಟ್ಟೆ. ಆ ನೆಮ್ಮದಿಗೆ ಈಗ ಹೇಸಿಕೆಯಾಗುತ್ತದೆ.

ಆಮೇಲೆ ನಿಮ್ಮನೆಯ ಅಡುಗೆಮನೆ. ನೀನು ಸ್ಟೂಲಿನ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. "ನಿನ್ನ ಹತ್ರ ಒಂದು ಕೇಳ್ಬೇಕು ಕಣೇ, ನಗಬಾರದು" ಅಂದೆ. ಕೋರ್ಟಿನಲ್ಲಿ ಓದಿ ಹೇಳುವ ಹಾಗೇ, ಯಾರು ಏನಂದರು, ಅದಕ್ಕೆ ಯಾರು ಏನಂದರು ಅಂತ ಒಂದೊಂದಾಗಿ ಹೇಳಿದೆ. ಸರ್ಜನ್ ತಮ್ಮ ಮಗಳಿಗೆ ಕಾರು ಓಡಿಸಲು ಕಲಿಸುವ ಕಥೆ, ಅವಳು ಗೇಟಿಗೆ ಗುದ್ದಿದ್ದು. ನರ್ಸಮ್ಮನ ಹೊಸ ಚಪ್ಪಲಿ ಕಚ್ಚುತ್ತಿದೆ ಅನ್ನುವುದು. "ಇವರೇನಾ ನಿಮ್ಮನ್ನ ಸಾಕಿದ ಅಕ್ಕ?" ಅಂತ ಸರ್ಜನ್ ಕೇಳಿದ್ದು, ಎಲ್ಲರೂ ನಕ್ಕದ್ದು. "ಕೈಗೆ ಇರುವೆ ಕಚ್ಚಿದ ಹಾಗೆ ಚುರುಚುರು ಅಂತಿತ್ತು" ಅಂದೆ. ಆ ಯಂತ್ರದ ವಿಷಯ ನಿನಗೆ ಯಾರೂ ಹೇಳಿರಲಿಲ್ಲ. "ಕೂಗಬೇಕು ಅಂತಿದ್ದೆ, ಬಾಯಿ ಎಲ್ಲಿದೆ ಅಂತಲೇ ಗೊತ್ತಾಗ್ತಿರಲಿಲ್ಲ. ನೋವಲ್ಲ ಕಣೇ, ಉಸಿರು ನನ್ನದಲ್ಲ ಅನ್ನೋದು. ನಾನು ಸತ್ತಿದೀನಿ, ಇವಳಿಗೆ ಗೊತ್ತಿಲ್ಲ, ಗೊತ್ತಾದ್ರೆ ಅಳ್ತಾಳೆ ಅಂತ ಅನ್ನಿಸ್ತು" ಅಂದೆ.

ನನ್ನ ಕೈಲಿದ್ದ ಲೋಟ ಕೆಳಗಿಟ್ಟೆ. ನಗುತ್ತಲೇ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದೆ: "ಅಯ್ಯೋ ಅಕ್ಕ, ಕನಸು ಅದು. ಈ ಮದ್ದುಗಳೇ ಹಾಗೆ, ಏನೇನೋ ಕನಸು ಬೀಳಿಸುತ್ತೆ. ತುಂಬಾ ಜನಕ್ಕೆ ಆಗುತ್ತೆ." ನೀನು ಚಾಕು ಹಿಡಿದು ನನ್ನನ್ನೇ ನೋಡಿದೆ. "ಹೌದಾ? ಹಾಗಾದ್ರೆ ಕನಸೇ ಇರಬೇಕು" ಅಂತ ಎದ್ದು ಚಾಕು ತೊಳೆಯಲು ಹೋದೆ.

ಒಂದು ಚಿಟಿಕೆ ಉಪ್ಪಿಗೆ ಅರ್ಧ ದಿನ ವಾದ ಮಾಡುವವಳು ನೀನು. ಅಷ್ಟು ಸುಲಭವಾಗಿ ಒಪ್ಪಿದೆಯಲ್ಲ ಅಂತ ನನಗೆ ಆಗ ಆಶ್ಚರ್ಯವೂ ಆಗಲಿಲ್ಲ, ಬಚಾವಾದೆ ಅನ್ನಿಸಿತು. ಮೆಟ್ಟಿಲು ಇಳಿಯುವಾಗ ಕಾಲು ಹಗುರವಾಗಿತ್ತು ಅಂತಲೂ ಬರೆದುಬಿಡುತ್ತೇನೆ.

ಬಾವ ಹೋದ ಮೇಲೆ ಸೀದಾ ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಡಲಿಲ್ಲ, ಬೈಯಲೂ ಇಲ್ಲ. "ನಳಿಕೆ ಕಳಚಿದ್ದು ಅಜಾಗರೂಕತೆ. ಅದಕ್ಕೆ ವಿಚಾರಣೆ ಇದೆ, ಶಿಕ್ಷೆ ಇದೆ, ಮುಂದೆ ಹಾಗಾಗದ ಹಾಗೆ ದಾರಿನೂ ಇದೆ. ಕನಸು ಅಂದ್ಯಲ್ಲ, ಅದಕ್ಕೆ ನನ್ನ ಹತ್ರ ಏನೂ ಇಲ್ಲ. ಅದನ್ನ ನಿಮ್ಮಕ್ಕನ ಹತ್ರ ಕೇಳ್ಕೋ" ಅಂದರು. ಸೋಮವಾರದಿಂದ ನಾನು ಥಿಯೇಟರಿಗೆ ಹೋಗುವುದಿಲ್ಲ. ವಿಚಾರಣೆ ಮುಗಿಯುವವರೆಗೆ ಹಾಗೇ. ನರ್ಸಮ್ಮನ ತಪ್ಪು ಏನೂ ಇಲ್ಲ, ಸುಮ್ಮನಿರಿಸಿದವಳು ನಾನು ಅಂತ ಬರೆದುಕೊಟ್ಟಿದ್ದೇನೆ. ನಿನ್ನಂಥ ಸ್ಥಿತಿ ಬಂದವರಿಗೆ ಸಹಾಯ ಮಾಡುವ ಮನೋವೈದ್ಯೆಯೊಬ್ಬರಿದ್ದಾರಂತೆ, ಡಾಕ್ಟರಮ್ಮ ಹೇಳಿದರು. ಹುಚ್ಚು ಅಂತಲ್ಲ ಅಕ್ಕಾ, ಆದದ್ದು ನಿಜ ಅಂತ ನಂಬಿ ಕೇಳುವವರು. ಬಾವನಿಗೆ ಅವರ ಫೋನ್ ನಂಬರ್ ಕೊಡುತ್ತೇನೆ.

ಮುಖ್ಯವಾದ ಮಾತು: ಆ ಅರ್ಜಿ ಕೊಡಬೇಡ. ನಿನ್ನ ಕಿವಿ ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಮ್ಮ ಹೋದಮೇಲೆ ನೀನು ಓದು ಬಿಟ್ಟು ಶಾರ್ಟ್‌ಹ್ಯಾಂಡ್ ಕ್ಲಾಸಿಗೆ ಸೇರಿದೆ. ಬೇರೆ ಯಾರೂ ಉಕ್ತಲೇಖನ ಕೊಡುವವರಿಲ್ಲ ಅಂತ ನನ್ನನ್ನೇ ಎದುರು ಕೂರಿಸಿಕೊಂಡು ನನ್ನ ವಟವಟವನ್ನೆಲ್ಲ ಬರೆದೆ. ವಟಾಣಿ ಅನ್ನುವ ಹೆಸರು ಬಿದ್ದದ್ದೂ ಆಗಲೇ. ಊಟದ ಹೊತ್ತಿಗೆ ಓದಿ ಹೇಳುತ್ತಿದ್ದೆ: "ಮಂಗಳವಾರ ನೀನು ಲೆಕ್ಕ ಮುಗಿಸ್ತೀನಿ ಅಂದಿದ್ದೆ. ಇಲ್ಲಿದೆ ನೋಡು." ನಾನು ಹಾಗಂದಿಲ್ಲ ಅಂತ ಕಾಲು ಅಪ್ಪಳಿಸಿದರೂ ನೀನು ಒಂದು ಅಕ್ಷರ ಬದಲಿಸುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಎಲ್ಲರೂ ಅನ್ನುತ್ತಾರೆ. "ನನ್ನ ಮುಂದೆ ಆಡಿದ್ದು ಎಲ್ಲೂ ಹೋಗಲ್ಲ" ಅಂತ ನೀನು ಅನ್ನುತ್ತಿದ್ದೆ. ಬೇಕಾದರೆ ಈ ಕಾಗದವನ್ನು ನಿಮ್ಮ ನ್ಯಾಯಾಧೀಶರಿಗೇ ತೋರಿಸು. ನನ್ನ ಮಾನ ಹೋಗಲಿ, ನಿನ್ನ ಕೆಲಸ ಉಳಿಯಲಿ.

ಹೊಟ್ಟೆಗೆ ಹಾಕಿಕೋ ಅಂತ ಕೇಳುವುದಿಲ್ಲ. ಅಲ್ಲಿಂದ ಕಲ್ಲು ತೆಗೆದು ಇನ್ನೂ ಎಷ್ಟು ದಿನವಾಯಿತು, ಅಷ್ಟರಲ್ಲೇ ಇನ್ನೊಂದು ಹಾಕು ಅನ್ನಲು ಬಾಯಿ ಬರುವುದಿಲ್ಲ. ಬಾವನಿಗೆ ನನ್ನ ನಮಸ್ಕಾರ ತಿಳಿಸು. ಅವರ ಅಂಗಡಿಗೇ ಹೋಗಿ ಇದನ್ನು ಅವರ ಕೈಗೆ ಕೊಡುತ್ತೇನೆ, ಇವತ್ತೇ ನಿನಗೆ ಸಿಗಬೇಕು. ಮಗಳು ದೊಡ್ಡಮ್ಮನಿಗೆ ಮುತ್ತು ಕಳಿಸಿದ್ದಾಳೆ. ಅವಳಿಗೆ ನಿನ್ನ ಆಶೀರ್ವಾದ ಇರಲಿ. ನನಗೆ ಆಶೀರ್ವಾದ ಮಾಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನೀನು ಮಾತ್ರ ಒಂದು ದಿನವಾದರೂ ಕಾಲು ಚಾಚಿ, ಹೊದಿಕೆ ಹೊದ್ದು, ದೀಪ ಆರಿಸಿ ಮಲಗುವ ಹಾಗಾಗಲಿ ಅಂತ ಬೇಡಿಕೊಳ್ಳುತ್ತೇನೆ.

ನಿನ್ನ ತಂಗಿ,
ವಟಾಣಿ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ ಚಪ್ಪಲಿ ಹಾಕಿಕೊಂಡವಳು ಬಾಗಿಲಿಂದ ವಾಪಸು ಬಂದು ಬಿಚ್ಚಿದೆ. ಮೇಲಿನದೆಲ್ಲ ನಿಜ, ಆದರೆ ಸುತ್ತು ಹೊಡೆದಿದ್ದೇನೆ.

ಅಡುಗೆಮನೆಯಲ್ಲಿ ನೀನು ಹೇಳಿದ್ದರಲ್ಲಿ ಒಂದು ಸಾಲು ಇರಲಿಲ್ಲ. "ಇವರೇನಾ ನಿಮ್ಮನ್ನ ಸಾಕಿದ ಅಕ್ಕ?" ಅಂತ ಸರ್ಜನ್ ಕೇಳಿದರು ಅಂದೆ, ಎಲ್ಲರೂ ನಕ್ಕರು ಅಂದೆ. ಪ್ರಶ್ನೆ ಕೇಳಿದ್ದಕ್ಕೇ ಯಾರೂ ನಗುವುದಿಲ್ಲ. ನಡುವೆ ನಾನು ಉತ್ತರ ಕೊಟ್ಟಿದ್ದೆ. ಎರಡನೇ ಸಲ ಸಡಿಲಿಸುವ ಮದ್ದು ಹಾಕಿ ಸಿರಿಂಜು ಕೆಳಗಿಡುತ್ತಾ ಅಂದೆ: "ಸಾಕಿದ್ಳು ನಿಜ. ಆದ್ರೆ ಒಂದು ದಿನಾನೂ ಅದನ್ನ ಮರೆಯೋಕೆ ಬಿಟ್ಟಿಲ್ಲ. ಅವಳು ಹೀಗೆ ಬಾಯಿ ಮುಚ್ಕೊಂಡಿರೋದನ್ನ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ. ಈ ಮದ್ದು ಒಂದು ಬಾಟಲಿ ಮನೆಗೂ ತಗೊಂಡು ಹೋಗ್ತೀನಿ." ಅದಕ್ಕೆ ನಕ್ಕರು. ನಾನೂ ನಕ್ಕೆ.

ಜೋಕು ಅಂತ ಅಂದದ್ದು ಅಂತ ಹೇಳಬಹುದು. ಆದರೆ ನೀನು ಕೇಳಿಸಿಕೊಂಡಿದ್ದೀಯಲ್ಲ, ಅದು ಬರೀ ಜೋಕಾಗಿರಲಿಲ್ಲ ಅಂತ ನಿನಗೆ ಗೊತ್ತು. ನಿನಗೆ ಋಣಿಯಾಗಿರುವುದು ಕೆಲವು ದಿನ ನನಗೆ ಭಾರವಾಗುತ್ತಿತ್ತು. ಅದನ್ನು ನಿನ್ನೆದುರು ಒಂದು ದಿನವೂ ಹೇಳಲಿಲ್ಲ. ನೀನು ಬಾಯಿ ಬಿಡಲಾಗದ ದಿನ ಆರಿಸಿ ಹೇಳಿದೆ. ಕನಸು ಅಂತ ಸುಳ್ಳು ಹೇಳಿದ್ದು ಕೆಲಸ ಹೋಗುತ್ತದೆ ಅಂತಲ್ಲ. ನೀನು ಎಚ್ಚರವಿದ್ದೆ ಅಂತ ಒಪ್ಪಿಕೊಂಡರೆ ಆ ಮಾತನ್ನೂ ಒಪ್ಪಿಕೊಳ್ಳಬೇಕಲ್ಲ, ಅದಕ್ಕೆ.

ನೀನು ಯಾಕೆ ಅಷ್ಟು ಬೇಗ ಒಪ್ಪಿದೆ ಅಂತ ಬಾಗಿಲಲ್ಲಿ ನಿಂತಾಗ ಹೊಳೆಯಿತು. ಎಲ್ಲ ಕನಸಾದರೆ ಅದೂ ಕನಸು. ತಂಗಿ ಹಾಗಂದಳು ಅಂತ ನಂಬುವುದಕ್ಕಿಂತ ನನ್ನ ಕಿವಿಯೇ ಕೆಟ್ಟಿದೆ ಅಂದುಕೊಳ್ಳುವುದು ವಾಸಿ ಅನ್ನಿಸಿತಾ ಅಕ್ಕಾ? ಅದಕ್ಕೇ ಅರ್ಜಿ ಬರೆದೆಯಾ? ಯಾರಿಗಾಗಿಯೂ ಒಂದು ಅಕ್ಷರ ಬಿಡದವಳು ನನಗಾಗಿ ಒಂದು ಸಾಲು ಬಿಟ್ಟೆ.

ಅದನ್ನು ಬಿಡಬೇಡ. ಅದರ ಜಾಗದಲ್ಲಿ, ನನ್ನ ಹೆಸರಿನ ಮುಂದೆ ಬರೆದುಕೋ. ನಾನು ಹಾಗೇ ಅಂದದ್ದು. ನಿನ್ನ ಕಿವಿ ಸರಿಯಾಗಿದೆ.